ಮನೆಯ ಸತ್ಯವೇದ ಅಧ್ಯಯನ ಗುಂಪು: ಲೆಂಟ್‌ನಲ್ಲಿ ಏನು ಓದಬೇಕು, ಹೇಗೆ ನಡೆಸಬೇಕು?

ಪ್ರಶ್ನೆ (ಲಿಂಗರಾಜಪುರದ ಸಹೋದರಿ): ಪಾಸ್ಟರ್, ಕರ್ತನಲ್ಲಿ ವಂದನೆಗಳು. ನಮ್ಮ ಸಭೆಯ ಎಂಟು-ಹತ್ತು ಜನ ಪ್ರತಿ ಗುರುವಾರ ರಾತ್ರಿ ನಮ್ಮ ಮನೆಯಲ್ಲಿ ಸೇರುತ್ತೇವೆ. ಹಾಡು, ಸಾಕ್ಷಿ, ಪ್ರಾರ್ಥನೆ ಎಲ್ಲ ಚೆನ್ನಾಗಿ ಆಗುತ್ತೆ. ವಾಕ್ಯದ ಹೊತ್ತಿಗೆ ಮಾತ್ರ ಒಬ್ಬರೇ ಪ್ರಸಂಗ ಮಾಡ್ತಾರೆ, ಉಳಿದವರು ತಲೆಯಾಡಿಸ್ತಾರೆ. ಈ ಲೆಂಟ್‌ನಲ್ಲಿ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದಲ್ಲಿ, ನನಗೆ ನಡೆಸೋಕೆ ಹೇಳಿದ್ದಾರೆ. ನಾನು ಬೈಬಲ್ ಕಾಲೇಜಿಗೆ ಹೋದವಳಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ಸಭಾಪಾಲಕರು): ವಂದನೆ ಸಿಸ್ಟರ್. ಕಾಲೇಜಿಗೆ ಹೋಗದಿರುವುದು ಇಲ್ಲಿ ಅಡ್ಡಿಯಲ್ಲ. ನೀವು ಪ್ರಸಂಗ ಮಾಡಬೇಕಿಲ್ಲ, ಪ್ರಶ್ನೆ ಕೇಳಬೇಕು ಅಷ್ಟೇ.

ಲೆಂಟ್ ಶುರುವಾಗುವ ಬೂದಿ ಬುಧವಾರದ ಮರುದಿನದಿಂದ ಲೆಕ್ಕ ಹಾಕಿದರೆ ನಿಮಗೆ ಆರು ಗುರುವಾರ ಸಿಗುತ್ತವೆ. ಏಳನೆಯದು ಶುಭ ಶುಕ್ರವಾರದ ಹಿಂದಿನ ದಿನ, ಅವತ್ತು ಎಲ್ಲರೂ ಚರ್ಚಿನಲ್ಲೇ ಇರುತ್ತಾರೆ. ಆರು ವಾರದಲ್ಲಿ ಮಾರ್ಕನ ಸುವಾರ್ತೆಯ 16 ಅಧ್ಯಾಯ ಮುಗಿಸಲು ಹೋಗಬೇಡಿ, ಓಟವಾಗುತ್ತದೆ. ನಡುವಿನ ಒಂದು ಭಾಗ ಸಾಕು: 8:22ರಿಂದ 10:52 (8ನೇ ಅಧ್ಯಾಯದ 22ನೇ ವಚನದಿಂದ 10ನೇ ಅಧ್ಯಾಯದ 52ರ ತನಕ). ಯೇಸು ಯೆರೂಸಲೇಮಿನ ಕಡೆ ಹೊರಟ ದಾರಿಯ ಭಾಗ ಇದು, ಲೆಂಟ್‌ಗೆ ಹೇಳಿ ಮಾಡಿಸಿದ ಹಾಗಿದೆ. ಹೀಗೆ ಹಂಚಿ:

1ನೇ ವಾರ 8:22–9:1
2ನೇ ವಾರ 9:2–29
3ನೇ ವಾರ 9:30–50
4ನೇ ವಾರ 10:1–16
5ನೇ ವಾರ 10:17–31
6ನೇ ವಾರ 10:32–52

ಮೊದಲ ವಾರ 9:1ರ ತನಕ ಹೋಗಿದ್ದು ಬೇಕೆಂದೇ. ಆ ವಚನ 8ನೇ ಅಧ್ಯಾಯದ ಕೊನೆಯ ಮಾತಿಗೇ ಸೇರಿದ್ದು. ಅಧ್ಯಾಯಗಳ ಗೆರೆ ಎಳೆದದ್ದು 13ನೇ ಶತಮಾನದಲ್ಲಿ, ಅದು ಎಲ್ಲ ಕಡೆ ಸರಿಯಾದ ಜಾಗದಲ್ಲಿ ಬಿದ್ದಿಲ್ಲ.

ಈ ಭಾಗದ ಎರಡು ತುದಿಯಲ್ಲೂ ಒಬ್ಬೊಬ್ಬ ಕುರುಡನಿಗೆ ಕಣ್ಣು ಬರುತ್ತದೆ. ಬೇತ್ಸಾಯಿದದವನಿಗೆ ಮೊದಲು ಮಸುಕು, ಜನ ಮರಗಳ ಹಾಗೆ ಕಾಣುತ್ತಾರೆ. ಎರಡನೇ ಸಲ ಕೈಯಿಟ್ಟ ಮೇಲೆ ಸ್ಪಷ್ಟ. ಕೊನೆಯಲ್ಲಿ ಬರುವ ಬಾರ್ತಿಮಾಯನಿಗೆ ಕಣ್ಣು ಬಂದ ಕೂಡಲೇ ಅವನು ದಾರಿಯಲ್ಲಿ ಹಿಂಬಾಲಿಸುತ್ತಾನೆ. ನಡುವೆ ಯೇಸು ಮೂರು ಸಲ ತನ್ನ ಮರಣ ಮುಂತಿಳಿಸುತ್ತಾನೆ: 8:31, 9:31, 10:33–34. ಮೂರು ಸಲವೂ ಶಿಷ್ಯರು ತಪ್ಪು ತಿಳಿಯುತ್ತಾರೆ. ಪೇತ್ರ ಗದರಿಸುತ್ತಾನೆ, ಹನ್ನೆರಡು ಮಂದಿ ಯಾರು ದೊಡ್ಡವನೆಂದು ವಾದ ಮಾಡುತ್ತಾರೆ, ಯಾಕೋಬ-ಯೋಹಾನರು ಯೇಸುವಿನ ಪಕ್ಕದ ಕುರ್ಚಿ ಕೇಳುತ್ತಾರೆ. ಇದನ್ನು ನೀವಾಗಿಯೇ ಮೊದಲ ವಾರ ಹೇಳಿಬಿಡಬೇಡಿ! ಆರನೇ ವಾರ 10:36 ಮತ್ತು 10:51 ಎರಡನ್ನೂ ಓದಿಸಿ. ಯೇಸು ಎರಡು ಕಡೆಯೂ ಕೇಳುವ ಪ್ರಶ್ನೆ ಒಂದೇ: ನಾನು ನಿನಗೇನು ಮಾಡಬೇಕು? ಉತ್ತರ ಎಷ್ಟು ಬೇರೆ ನೋಡಿ. ಯಾರಾದರೂ ಹಿಂದೆ ತಿರುಗಿಸಿ ಬೇತ್ಸಾಯಿದದ ತನಕ ಹೋಗಿಯೇ ಹೋಗುತ್ತಾರೆ.

ಪ್ರಶ್ನೆ (ಅದೇ ಸಹೋದರಿ): ತುಂಬಾ ಥ್ಯಾಂಕ್ಸ್ ಪಾಸ್ಟರ್. ಒಂದು ಗುರುವಾರವನ್ನು ನಿಮಿಷದ ಲೆಕ್ಕದಲ್ಲಿ ಹೇಳ್ತೀರಾ? ನಮ್ಮಲ್ಲಿ ರಿಟೈರ್ ಆದ ಒಬ್ಬ ಅಂಕಲ್ ಇದ್ದಾರೆ, ಮಾತು ಶುರು ಮಾಡಿದರೆ ನಿಲ್ಲಿಸಲ್ಲ.

ಉತ್ತರ (ಸಭಾಪಾಲಕರು): ಒಟ್ಟು 75 ನಿಮಿಷ, ಎಂಟರಿಂದ ಒಂಬತ್ತೂಕಾಲು. ನಮ್ಮ ಊರಿನ ಟ್ರಾಫಿಕ್‌ನಲ್ಲಿ ಏಳೂವರೆಗೆ ಕರೆದರೂ ಜನ ಸೇರುವುದು ಎಂಟಕ್ಕೇ. ಮೊದಲ 10 ನಿಮಿಷ ಎರಡು ಕೀರ್ತನೆ, ಚಿಕ್ಕ ಪ್ರಾರ್ಥನೆ. ತಡವಾಗಿ ಬಂದವರಿಗೆ ವಾಕ್ಯ ತಪ್ಪುವುದಿಲ್ಲ. ಆಮೇಲೆ ಭಾಗವನ್ನು ಗಟ್ಟಿಯಾಗಿ ಎರಡು ಸಲ ಓದಿಸಿ, ಬೇರೆ ಬೇರೆಯವರಿಂದ. 10 ನಿಮಿಷ ಆಗುತ್ತದೆ. ಎರಡನೇ ಓದನ್ನು ಬಿಟ್ಟರೆ ಚರ್ಚೆ ಸೀದಾ ಅವರವರ ಅಭಿಪ್ರಾಯಕ್ಕೆ ಜಾರುತ್ತದೆ. ಪ್ರಶ್ನೆಗೆ 35 ನಿಮಿಷ, ಉಳಿದ 20 ಪ್ರಾರ್ಥನೆಗೆ. ಚಹಾ ಕೊನೆಯಲ್ಲಿರಲಿ, ಮೊದಲೇ ಕೊಟ್ಟರೆ ಹರಟೆಗೆ ಕೊನೆ ಇಲ್ಲ.

ಪ್ರಶ್ನೆ ಐದೋ ಆರೋ ಸಾಕು, ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ಮೂರು ಕಣ್ಣಿಗೆ ಕಾಣುವುದರ ಬಗ್ಗೆ: ಯಾರು ಮಾತಾಡುತ್ತಿದ್ದಾರೆ, ಯಾರಿಗೆ, ಯಾವ ಮಾತು ಮತ್ತೆ ಮತ್ತೆ ಬರುತ್ತದೆ? ಮುಂದಿನ ಎರಡು ಕಾರಣದ ಬಗ್ಗೆ: ಈ ಘಟನೆ ಇಲ್ಲೇ ಯಾಕೆ ಬಂತು? ಕೊನೆಯದು ಮಾತ್ರ ನಮ್ಮ ಬಗ್ಗೆ. ‘ಈ ವಾಕ್ಯ ನಿಮ್ಮ ಹತ್ತಿರ ಏನು ಮಾತಾಡಿತು’ ಅಂತ ಮೊದಲೇ ಕೇಳಿದರೆ ಯಾರೂ ಪುಸ್ತಕ ನೋಡುವುದಿಲ್ಲ, ಗೊತ್ತಿದ್ದದ್ದನ್ನೇ ಹೇಳುತ್ತಾರೆ. ಹೌದು-ಇಲ್ಲ ಎಂದು ಉತ್ತರಿಸುವ ಪ್ರಶ್ನೆಯೂ ಬೇಡ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಮೌನಕ್ಕೆ ಹೆದರಿ ನೀವೇ ಉತ್ತರ ಕೊಟ್ಟರೆ ಮುಂದಿನ ವಾರದಿಂದ ಎಲ್ಲರೂ ಅದಕ್ಕೇ ಕಾಯುತ್ತಾರೆ.

ಅಂಕಲ್ ಅವರನ್ನು ನಿಮ್ಮ ಎದುರಿಗೆ ಕೂರಿಸಬೇಡಿ, ಪಕ್ಕದಲ್ಲಿ ಕೂರಿಸಿ. ಎದುರಿದ್ದರೆ ಕಣ್ಣಿಗೆ ಕಣ್ಣು ಸೇರಿ ಮಾತು ನಿಮ್ಮಿಬ್ಬರದೇ ಆಗುತ್ತದೆ. ‘ಅಂಕಲ್, ಅದು ಎಷ್ಟನೇ ವಚನದಲ್ಲಿ ಸಿಕ್ಕಿತು ನಿಮಗೆ?’ ಎಂದು ಗೌರವದಿಂದಲೇ ಕೇಳಿ. ವಚನ ಹುಡುಕುವಾಗ ಎರಡು ಕ್ಷಣ ಸಿಗುತ್ತದೆ, ಆಗ ಇನ್ನೊಬ್ಬರ ಕಡೆ ತಿರುಗಿ.

ಪ್ರಶ್ನೆ (ಕಮ್ಮನಹಳ್ಳಿಯ ಒಬ್ಬ ತಂದೆ): ನಮ್ಮ ಮಕ್ಕಳು ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡ್ತಾರೆ, ಓದಲ್ಲ. ಅವರು ಫೋನ್ ನೋಡಿ ‘ಮಾರ್ಕ 9ರಲ್ಲಿ 44, 46ನೇ ವಚನ ಇಲ್ಲ, ಯಾರೋ ತೆಗೆದುಬಿಟ್ಟಿದ್ದಾರೆ’ ಅಂತಾರೆ. ಏನು ಹೇಳೋದು?

ಉತ್ತರ (ಸತ್ಯವೇದ ಬೋಧಕಿ, ದೇವಶಾಸ್ತ್ರ ಕಾಲೇಜು): ಇದನ್ನು ನಾನು ಹೇಳುತ್ತೇನೆ ಬ್ರದರ್. 9:48 ತೆಗೆದು ತೋರಿಸಿ. 44, 46ರಲ್ಲಿದ್ದ ಮಾತು ಅದೇ: ಹುಳ ಸಾಯುವುದಿಲ್ಲ, ಬೆಂಕಿ ಆರುವುದಿಲ್ಲ. ಬೋಧನೆ ಏನೂ ಕಳೆದುಹೋಗಿಲ್ಲ.

ಹೊಸ ಒಡಂಬಡಿಕೆಗೆ ವಚನ ಸಂಖ್ಯೆ ಹಾಕಿದ್ದು 1551ರಲ್ಲಿ, ಆಗ ಕೈಯಲ್ಲಿದ್ದ ಗ್ರೀಕ್ ಪಠ್ಯಕ್ಕೆ. ಅದಕ್ಕಿಂತ ಬಹಳ ಹಳೆಯ, 4ನೇ ಶತಮಾನದ ಸಿನೈಟಿಕಸ್, ವ್ಯಾಟಿಕನಸ್ ಎಂಬ ಎರಡು ಹಸ್ತಪ್ರತಿಗಳು ಆಮೇಲೆ ವಿದ್ವಾಂಸರ ಕೈಗೆ ಸಿಕ್ಕವು. ಅವುಗಳಲ್ಲಿ ಈ ಎರಡು ವಚನ ಇಲ್ಲ. ನಕಲು ಮಾಡಿದವರು 48ನ್ನು ಮೇಲೂ ಪಲ್ಲವಿಯ ಹಾಗೆ ಸೇರಿಸಿದ್ದಾರೆ ಎಂಬುದು ಪಠ್ಯ ಪರಿಶೀಲಿಸಿದವರ ನಿರ್ಣಯ. ಹೊಸ ಮುದ್ರಣಗಳು ವಚನ ಬಿಟ್ಟು ಸಂಖ್ಯೆ ಉಳಿಸಿಕೊಂಡವು, ಅದಕ್ಕೇ ನಡುವೆ ಹಾರಿದ ಹಾಗೆ ಕಾಣುತ್ತದೆ. ಮಾರ್ಕ 16:9–20ಕ್ಕೆ ಆವರಣ ಚಿಹ್ನೆ ಇದ್ದರೆ ಅದಕ್ಕೂ ಕಾರಣ ಇದೇ.

ಎರಡನೇ ವಾರಕ್ಕೂ ಒಂದು ಎಚ್ಚರಿಕೆ. 9:29ರಲ್ಲಿ ಕೆಲವರ ಪುಸ್ತಕದಲ್ಲಿ ‘ಪ್ರಾರ್ಥನೆಯಿಂದ’, ಕೆಲವರದ್ದರಲ್ಲಿ ‘ಪ್ರಾರ್ಥನೆ ಮತ್ತು ಉಪವಾಸದಿಂದ’ ಎಂದಿರುತ್ತದೆ. ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಹೋಗುವವರು ಬೇಸರ ಮಾಡಿಕೊಂಡಾರು. ಉಪವಾಸಕ್ಕೆ ಮಾರ್ಕ 2:20, ಮತ್ತಾಯ 6:16–18 ಭದ್ರವಾದ ಆಧಾರ ಎಂದು ಹೇಳಿ ಮುಂದೆ ಹೋಗಿ, ಅಲ್ಲೇ ಅರ್ಧ ಗಂಟೆ ಕಳೆಯಬೇಡಿ.

ಮಕ್ಕಳು ಅದೇ ಭಾಗವನ್ನು ಎರಡನೇ ಓದಿನಲ್ಲಿ ಇಂಗ್ಲಿಷ್‌ನಲ್ಲೇ ಓದಲಿ, ಚರ್ಚೆ ಕನ್ನಡದಲ್ಲಿ ನಡೆಯಲಿ.

ಪ್ರಶ್ನೆ (ಟಿ. ದಾಸರಹಳ್ಳಿಯ ಯುವಕ): ಮೇಡಂ, ಹೊಸ ವರ್ಷದ ಆರಾಧನೆಯಲ್ಲಿ ನನಗೆ ಯೆರೆಮೀಯ 29:11ರ ವಾಗ್ದಾನ ಕಾರ್ಡ್ (ವರ್ಷಕ್ಕೆಂದು ಕೊಡುವ ವಚನದ ಚೀಟಿ) ಬಂತು. ಕೆಲಸ ಹುಡುಕ್ತಾ ಇದ್ದೀನಿ. ಇದನ್ನು ನನ್ನ ಕೆಲಸಕ್ಕೆ ಕೊಟ್ಟ ಮಾತು ಅಂತ ಹಿಡಿದುಕೊಳ್ಳಬಹುದಾ?

ಉತ್ತರ (ಸತ್ಯವೇದ ಬೋಧಕಿ): ಕಾರ್ಡನ್ನು ಬಿಸಾಡಬೇಡ ತಮ್ಮಾ, ಆದರೆ 28 ಮತ್ತು 29ನೇ ಅಧ್ಯಾಯ ಪೂರ್ತಿ ಓದು. ಬಾಬೆಲಿಗೆ ಸೆರೆ ಹೋದವರಿಗೆ ಯೆರೂಸಲೇಮಿನಿಂದ ಬರೆದ ಪತ್ರ ಅದು. ಹನನ್ಯ ಎಂಬ ಪ್ರವಾದಿ ಎರಡು ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದಿದ್ದ (28:3), ಜನರಿಗೆ ಬೇಕಾದದ್ದೂ ಅದೇ. ಯೆರೆಮೀಯ ಎಪ್ಪತ್ತು ವರ್ಷ ಎನ್ನುತ್ತಾನೆ (29:10), ಅದರ ಮುಂದಿನ ವಚನವೇ ನಿನ್ನದು. ಪತ್ರ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ತಿರುಗಿ ಊರು ನೋಡುವಂತಿರಲಿಲ್ಲ. ಅವರಿಗೇ ದೇವರು ‘ನಿಮ್ಮ ಬಗ್ಗೆ ನನ್ನ ಆಲೋಚನೆ ಒಳ್ಳೆಯದೇ’ ಅಂದದ್ದು.

ಹಾಗಾಗಿ ‘ಈ ತಿಂಗಳೊಳಗೆ ಆಫರ್ ಲೆಟರ್’ ಎಂದು ಅರ್ಥ ಮಾಡಿದರೆ ಯೆರೆಮೀಯನ ಬಾಯಿಗೆ ಹನನ್ಯನ ಮಾತು ಹಾಕಿದಂತೆ. ಆಮೇಲೆ ಕೆಲಸ ಸಿಗದಿದ್ದಾಗ ‘ನನ್ನ ವಿಶ್ವಾಸ ಸಾಲಲಿಲ್ಲ’ ಎಂದು ಕೊರಗುವವರು ಬಹಳ. ಅದು ವಿಶ್ವಾಸದ ಕೊರತೆಯಲ್ಲ, ಹಿಂದಿನ ವಚನ ಓದದ ಕೊರತೆ. ನಿನಗೆ ಇವತ್ತೇ ಕೈಗೆ ಹತ್ತುವುದು 5ರಿಂದ 7: ಮನೆ ಕಟ್ಟಿ, ತೋಟ ಮಾಡಿ, ಇರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಕೆಲಸಕ್ಕಾಗಿ ಧೈರ್ಯವಾಗಿ ಬೇಡಿಕೋ, ಅದಕ್ಕೆ ದಿನದ ಆಹಾರ ಬೇಡುವ ಮತ್ತಾಯ 6:11 ಇದೆ. ಅರ್ಜಿ ಹಾಕುವುದನ್ನು ನಿಲ್ಲಿಸಬೇಡ.

ಪ್ರಶ್ನೆ (ಲಿಂಗರಾಜಪುರದ ಸಹೋದರಿ): ಕೊನೆಯದಾಗಿ ಎರಡು ಕೇಳ್ತೀನಿ ಪಾಸ್ಟರ್. ಆರನೇ ವಾರ ಮನೆಯಲ್ಲೇ ಕರ್ತನ ಭೋಜನ (ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರ) ಮಾಡಬಹುದಾ? ಪ್ರಾರ್ಥನಾ ವಿನಂತಿಗಳನ್ನು ವಾಟ್ಸಾಪ್ ಗುಂಪಿಗೆ ಹಾಕಬಹುದಾ?

ಉತ್ತರ (ಸಭಾಪಾಲಕರು): ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಅಭಿಷಿಕ್ತ ಸಭಾಪಾಲಕರೇ ನಡೆಸಬೇಕು, ಕಥೋಲಿಕರಲ್ಲಿ ಗುರುಗಳೇ. ಬ್ರದರನ್ ಸಭೆಗಳಲ್ಲಿ ಕ್ರಮ ಬೇರೆ. ನಿಮ್ಮ ಸಭೆಯ ಅಯ್ಯನವರನ್ನು ಮೊದಲೇ ಕೇಳಿ, ಅವರೇ ಬಂದು ನಡೆಸಿಕೊಟ್ಟರೂ ಕೊಡಬಹುದು.

ವಿನಂತಿ ಹಾಕಬಹುದು, ಆದರೆ ಸಂಬಂಧಪಟ್ಟವರ ಒಪ್ಪಿಗೆ ಪಡೆದು. ಗುಂಪಿನ ಸಂದೇಶ ಒಂದು ಫಾರ್ವರ್ಡ್‌ನಲ್ಲಿ ಇಡೀ ಸಭೆಗೆ ಮುಟ್ಟುತ್ತದೆ. ಕಾಯಿಲೆಯ ಹೆಸರು, ಸ್ಕ್ಯಾನ್ ರಿಪೋರ್ಟ್, ಸಾಲದ ಮೊತ್ತ, ಗಂಡ-ಹೆಂಡಿರ ಜಗಳ, ಮದುವೆ ಮಾತುಕತೆ ಇವು ಬೇಡವೇ ಬೇಡ. ‘ಒಬ್ಬ ಸಹೋದರಿಯ ಆರೋಗ್ಯಕ್ಕಾಗಿ’ ಅಂದರೆ ಸಾಕು, ದೇವರಿಗೆ ವಿವರ ಗೊತ್ತಿದೆ. ಮನೆಯಲ್ಲಿ ಹೇಳುವಾಗಲೂ ಒಬ್ಬೊಬ್ಬರಿಗೆ ಒಂದು ನಿಮಿಷ ಇಡಿ, ಇಲ್ಲವಾದರೆ 20 ನಿಮಿಷವೂ ಹೇಳುವುದರಲ್ಲೇ ಮುಗಿದು ಪ್ರಾರ್ಥಿಸಲು ಹೊತ್ತು ಇರುವುದಿಲ್ಲ. ಮನೆಯಲ್ಲಿ ಹೊಡೆತ-ಬಡಿತ, ಮಕ್ಕಳಿಗೆ ತೊಂದರೆ ಎಂದು ಯಾರಾದರೂ ಬಾಯಿಬಿಟ್ಟರೆ ಅದನ್ನು ಬರೀ ಪ್ರಾರ್ಥನಾ ವಿನಂತಿ ಎಂದುಕೊಂಡು ಬಿಡಬೇಡಿ. ಹೆಂಗಸರ ಸಹಾಯವಾಣಿ 181, ಮಕ್ಕಳದು 1098. ಅವತ್ತೇ ಕರೆ ಮಾಡಲು ಅವರ ಜೊತೆ ಕೂತುಕೊಳ್ಳಿ.