ಪದ ಬೇಕು, ಅರ್ಜೆಂಟು: ‘ಓವರಾಲ್ ವೋಲ್ಟೇಜ್ ಗೇನ್’ಗೆ ‘ಒಟ್ಟು ಗಳಿಕೆ’ ಸರಿಯೇ?

ತುಮಕೂರಿನಿಂದ:
ನಮಸ್ಕಾರ. ಡಿಪ್ಲೊಮಾ ಲ್ಯಾಬಿಗೆ ಕನ್ನಡದಲ್ಲಿ ಪ್ರಯೋಗದ ಹಾಳೆ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಎರಡು ಹಂತದ ಟ್ರಾನ್ಸಿಸ್ಟರ್ ಆಂಪ್ಲಿಫಯರ್, ಅಂದರೆ ಸಿಗ್ನಲನ್ನು ದೊಡ್ಡದು ಮಾಡುವ ವರ್ಧಕ. ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನೋದೇ ಗೇನ್. ‘ಒಟ್ಟು ಗಳಿಕೆ’ ಎಂದು ಬರೆದಿದ್ದೆ. ಕರಡು ನೋಡಿದ ಹುಡುಗನೊಬ್ಬ ಮೊದಲ ಹಂತ 50, ಎರಡನೆಯದು 40, ಒಟ್ಟು 90 ಅಂತ ಬರೆದುಕೊಟ್ಟ! ಗುಣಿಸಬೇಕಾದ ಕಡೆ ಕೂಡಿದ್ದಾನೆ. ‘ಒಟ್ಟು’ ಅಂದ್ರೆ ಕೂಡೋದು ಅಂತಲೇ ಅಲ್ವಾ ಎಲ್ಲರಿಗೂ ಹೊಳೆಯೋದು? ಬೇರೆ ಪದ ಇದ್ದರೆ ಬೇಗ ತಿಳಿಸಿ.

ಮೈಸೂರಿನಿಂದ:
‘ಗಳಿಕೆ’ ದುಡ್ಡಿನ ಮಾತು. ಇಲ್ಲಿ ಬೇಕಿರುವುದು ‘ಮಡಿ’. ಇಮ್ಮಡಿ, ನೂರ್ಮಡಿ, ಎಲ್ಲದರಲ್ಲೂ ಗುಣಿಸುವ ಅರ್ಥ ಕೂತಿದೆ. ಬಟ್ಟೆಯನ್ನು ಒಮ್ಮೆ ಮಡಿಚಿದರೆ ಎರಡು ಪದರ, ಇನ್ನೊಮ್ಮೆ ಮಡಿಚಿದರೆ ನಾಲ್ಕು. ಹಂತದ ಮೇಲೆ ಹಂತ ಅಂದರೆ ಇದೇ. ಕೊನೆಗೆ ಸಿಗುವುದು ‘ತುದಿಮಡಿ’. ‘ವರ್ಧಕ’ವೂ ಬೇಡ, ‘ಹೆಚ್ಚುಕ’ ಸಾಕು. ಮಹಾಪ್ರಾಣದ ಕಾಟ ತಪ್ಪುತ್ತದೆ.

ಧಾರವಾಡದಿಂದ:
ಅಲ್ರೀ, ವೈವಾದಲ್ಲಿ ‘ನಿನ್ನ ಮಡಿ ಎಷ್ಟು?’ ಅಂತ ಕೇಳಿದರೆ ಹುಡುಗ ಸ್ನಾನ ಮಾಡಿಯೇ ಬಂದಿದ್ದೇನೆ ಸರ್ ಅಂತಾನೆ. ಇಮ್ಮಡಿ ಪುಲಿಕೇಶಿ ಅಂದರೆ ಎರಡು ಪಟ್ಟು ಪುಲಿಕೇಶಿಯೇ?

ಬೆಂಗಳೂರಿನಿಂದ:
ಪದ ಆಮೇಲೆ. ಮೊದಲು ಲೆಕ್ಕ. ಆ 50 ಮುಂದಿನ ಹಂತ ಜೋಡಿಸದೆ ಅಳೆದದ್ದಾದರೆ, 50 × 40 = 2000 ಅಂತ ಬರೆದರೂ ಲ್ಯಾಬಿನಲ್ಲಿ ಅಷ್ಟು ಬರೋದಿಲ್ಲ. ಮೊದಲ ಹಂತದ ಔಟ್‌ಪುಟ್ ರೋಧ 2 ಕಿಲೋಓಮ್, ಎರಡನೆಯದರ ಇನ್‌ಪುಟ್ ರೋಧವೂ 2 ಕಿಲೋಓಮ್ ಅಂದುಕೊಳ್ಳಿ. ಎರಡೂ ರೋಧ ಸಿಗ್ನಲನ್ನು ಸಮನಾಗಿ ಹಂಚಿಕೊಳ್ಳೋದರಿಂದ ಅದು ನಡುವೆಯೇ ಅರ್ಧ ಆಗುತ್ತೆ. 50 × 0.5 × 40 = 1000. ಅಂದರೆ 1 ಮಿಲಿವೋಲ್ಟ್ ಕೊಟ್ಟರೆ 1 ವೋಲ್ಟ್. ಎರಡೂ ಹಂತ ಕಾಮನ್ ಎಮಿಟರ್ (ಸಿಗ್ನಲನ್ನು ತಲೆಕೆಳಗು ಮಾಡುವ ಜೋಡಣೆ) ಆದರೆ ಸಿಗ್ನಲ್ ಎರಡು ಸಲ ತಲೆಕೆಳಗಾಗಿ ಮತ್ತೆ ನೆಟ್ಟಗಾಗುತ್ತೆ, ಮೈನಸ್ ಉಳಿಯೋದಿಲ್ಲ.

ಇದನ್ನೇ ಡೆಸಿಬೆಲ್‌ನಲ್ಲಿ (ಲಾಗರಿದಮ್ ಅಳತೆ, ಗುಣಾಕಾರ ಇಲ್ಲಿ ಕೂಡುವ ಲೆಕ್ಕ ಆಗುತ್ತೆ) ಹಾಕಿ: 34 − 6 + 32 = 60. ಇಲ್ಲಿ ಕೂಡೋದೇ ಸರಿ! ಹಾಗಾಗಿ ‘ಒಟ್ಟು’ ಡೆಸಿಬೆಲ್ ಸಾಲಿಗೆ ಇರಲಿ. ಗುಣಿಸುವ ಸಾಲಿಗೆ ‘ಇಡೀ ಆಂಪ್ಲಿಫಯರಿನ ಗೇನ್’ ಎನ್ನಿ. ಅಳೆಯೋದೂ ಹಾಗೇ ತಾನೇ, ಕೊನೆಯ ಔಟ್‌ಪುಟ್ಟನ್ನು ಮೊದಲ ಇನ್‌ಪುಟ್‌ನಿಂದ ಭಾಗಿಸಿ.

ಮೈಸೂರಿನಿಂದ:
ಗೇನ್, ಔಟ್‌ಪುಟ್, ಇನ್‌ಪುಟ್, ಸಿಗ್ನಲ್. ನಿಮ್ಮ ಪತ್ರದಲ್ಲಿ ಕನ್ನಡ ಅಂತ ಇರುವುದು ‘ಬರೋದಿಲ್ಲ’ ಒಂದೇ. ‘ವೋಲ್ಟೇಜ್’ಗೆ ‘ವಿಭವಾಂತರ’ ಎಂದರೆ ಅದು ಸಂಸ್ಕೃತ, ಅದೂ ಬೇಡ. ಸ್ವಂತ ಪದ ಕಟ್ಟುವ ಧೈರ್ಯ ಯಾರಿಗೂ ಇಲ್ಲ.

ಧಾರವಾಡದಿಂದ:
ವೋಲ್ಟ್‌ನಲ್ಲಿ ಇಟಲಿಯ ವೋಲ್ಟಾ ಇದ್ದಾನೆ, ಡೆಸಿಬೆಲ್‌ನಲ್ಲಿ ಗ್ರಹಾಂ ಬೆಲ್. ಮನುಷ್ಯರ ಹೆಸರಿಗೂ ಕನ್ನಡ ಹುಡುಕ್ತೀರಾ? ಕುರ್ಚಿ ಅರಬ್ಬಿಯಿಂದ ಬಂತು, ಮೇಜು ಪಾರ್ಸಿಯಿಂದ. ನೆಲದ ಮೇಲೆ ಕೂತೇ ಬರೀತಿದ್ದೀರಾ?

ಬೆಂಗಳೂರಿನಿಂದ:
ಲೈನ್‌ಮನ್ ‘ವೋಲ್ಟೇಜ್ ಡ್ರಾಪ್ ಆಗಿದೆ’ ಅಂದರೆ ಊರಿಗೆಲ್ಲ ಅರ್ಥ ಆಗುತ್ತೆ. ಸುಮ್ನೆ ಬಿಡಿ.

ತುಮಕೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಪ್ರೆಸ್ಸಿಗೆ ಹೀಗೆ ಕಳಿಸಿದೆ: ‘ಇಡೀ ವರ್ಧಕದ ವೋಲ್ಟೇಜ್ ಗೇನ್ = ಎಲ್ಲ ಹಂತಗಳ ಗೇನ್‌ಗಳ ಗುಣಲಬ್ಧ. ಡೆಸಿಬೆಲ್‌ನಲ್ಲಾದರೆ ಅವುಗಳ ಮೊತ್ತ. ಪ್ರತಿ ಹಂತವನ್ನೂ ಮುಂದಿನದನ್ನು ಜೋಡಿಸಿಕೊಂಡೇ ಅಳೆಯಿರಿ.’

ಮೈಸೂರಿನಿಂದ:
‘ವರ್ಧಕ’ ಹಾಗೇ ಉಳಿಯಿತು. ‘ಹೆಚ್ಚುಕ’ಕ್ಕೆ ಏನು ಕೊರತೆ ಅಂತ ಯಾರೂ ಹೇಳಲೇ ಇಲ್ಲ.