ಜಿ.ಎನ್.ಎಂ. ಮುಗಿದಿದೆ, ನೋಂದಣಿಯೂ ಆಗಿದೆ: ಅನುಭವವಿಲ್ಲದೆ ದಾವಣಗೆರೆಯಲ್ಲಿ ಮೊದಲ ಕೆಲಸ ಸಿಗುವುದು ಹೇಗೆ?

ಪ್ರಶ್ನೆ: ಚಳ್ಳಕೆರೆಯ ಹೊಸ ನರ್ಸ್

ಎಲ್ಲರಿಗೂ ನಮಸ್ಕಾರ. ನಾನು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯವಳು. ದಾವಣಗೆರೆಯಲ್ಲಿ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿ.ಎನ್.ಎಂ. (ಜನರಲ್ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ) ಮುಗಿಸಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯನ್ನೂ ಮಾಡಿಸಿಕೊಂಡಿದ್ದೇನೆ. ಎರಡು ತಿಂಗಳಿಂದ ದಾವಣಗೆರೆ ಮತ್ತು ಚಿತ್ರದುರ್ಗದ ಆಸ್ಪತ್ರೆಗಳಿಗೆ ಅರ್ಜಿ ಹಿಡಿದು ಅಲೆಯುತ್ತಿದ್ದೇನೆ. ಎಲ್ಲಿ ಹೋದರೂ ಮೊದಲು ಕೇಳುವುದು ಎಷ್ಟು ವರ್ಷದ ಅನುಭವವಿದೆ ಎಂದು. ಇಲ್ಲ ಎಂದ ಕೂಡಲೇ ಅರ್ಜಿಯನ್ನು ಒಂದು ಕಟ್ಟಿನೊಳಗೆ ಸೇರಿಸಿ, ಫೋನ್ ಮಾಡುತ್ತೇವೆ ಎನ್ನುತ್ತಾರೆ. ಫೋನ್ ಬರುವುದಿಲ್ಲ. ಯಾರೂ ಮೊದಲ ಕೆಲಸ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು ಎಂಬುದೇ ನನಗೆ ತಿಳಿಯುತ್ತಿಲ್ಲ.

ಸದ್ಯ ನನ್ನ ಮುಂದೆ ಎರಡು ದಾರಿಗಳಿವೆ. ಹತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಂನವರು ಸೇರಿಸಿಕೊಳ್ಳಲು ಒಪ್ಪಿದ್ದಾರೆ, ಆದರೆ ಮೊದಲ ಮೂರು ತಿಂಗಳು ಸಂಬಳವಿಲ್ಲ, ಅಸಲು ಅಂಕಪಟ್ಟಿಗಳನ್ನು ಎರಡು ವರ್ಷ ಅವರ ಬಳಿಯೇ ಇಡಬೇಕು ಎನ್ನುತ್ತಾರೆ. ಇನ್ನೊಂದು ದಾರಿ ಹೇಳಿಕೊಳ್ಳಲೂ ಸಂಕೋಚವಾಗುತ್ತದೆ. ಪರಿಚಯದವರೊಬ್ಬರು ಹಣ ಕೊಟ್ಟರೆ ಒಂದು ವರ್ಷದ ಅನುಭವ ಪತ್ರ ಮಾಡಿಸಿಕೊಡುವುದಾಗಿ ಹೇಳಿದ್ದಾರೆ. ಈ ಸಲ ಶೇಂಗಾ ಕೈಕೊಟ್ಟಿದೆ, ಕೋರ್ಸಿಗೆಂದು ಅಪ್ಪ ತಂದ ಸಾಲ ಹಾಗೆಯೇ ಇದೆ. ಮನೆಯಲ್ಲಿ ಕುಳಿತಿರಲು ಮನಸ್ಸಾಗುತ್ತಿಲ್ಲ. ಈ ಹಂತವನ್ನು ದಾಟಿದವರು ದಯವಿಟ್ಟು ದಾರಿ ಹೇಳಿ.

ಉತ್ತರ 1: ವಾರ್ಡ್ ಇನ್‌ಚಾರ್ಜ್, ದಾವಣಗೆರೆ

ಸಿಸ್ಟರ್, ಮೊದಲು ಆ ಅನುಭವ ಪತ್ರದ ಮಾತು. ಅದನ್ನು ಕೈಯಿಂದಲೂ ಮುಟ್ಟಬೇಡಿ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ ಎಂಬುದು ನಿಜ, ಆದರೆ ನಾನು ಹೆದರುವುದು ಅದಕ್ಕಲ್ಲ. ಅನುಭವ ಇರುವವರೆಂದು ನಂಬಿದರೆ ಮೊದಲ ವಾರದಲ್ಲೇ ನೈಟ್ ಡ್ಯೂಟಿಯಲ್ಲಿ ಇಡೀ ವಾರ್ಡನ್ನು ನಿಮ್ಮೊಬ್ಬರಿಗೇ ಬಿಡುತ್ತಾರೆ. ಹೊಸಬರೆಂದು ತಿಳಿದಿದ್ದರೆ ಹಿರಿಯ ಸಿಸ್ಟರ್ ಒಬ್ಬರನ್ನು ಜೊತೆಗೆ ಹಾಕುತ್ತಾರೆ, ತಪ್ಪಾಗುವ ಮೊದಲೇ ಅವರು ನಿಮ್ಮ ಕೈ ಹಿಡಿಯುತ್ತಾರೆ. ಪೊಟ್ಯಾಸಿಯಂ ಕ್ಲೋರೈಡ್ ಅನ್ನು ದ್ರವದಲ್ಲಿ ಬೆರೆಸಿ ನಿಧಾನವಾಗಿ ಕೊಡಬೇಕೇ ಹೊರತು ನೇರವಾಗಿ ರಕ್ತನಾಳಕ್ಕೆ ಚುಚ್ಚಬಾರದು ಎಂಬುದು ಪುಸ್ತಕದಲ್ಲಿ ಎಲ್ಲರಿಗೂ ಗೊತ್ತು. ರಾತ್ರಿ ಮೂರು ಗಂಟೆಗೆ, ಇಬ್ಬರು ರೋಗಿಗಳ ಕಡೆಯವರು ಒಟ್ಟಿಗೆ ಕೂಗುತ್ತಿರುವಾಗ ಅದು ನೆನಪಿಗೆ ಬರಬೇಕಾದರೆ ಕೈ ಪಳಗಿರಬೇಕು. ಸುಳ್ಳು ಪತ್ರ ನಿಮ್ಮಿಂದ ಕಸಿಯುವುದು ಕೈ ಪಳಗುವ ಆ ಕಾಲವನ್ನು.

ಇನ್ನು ನಿಮಗೆ ಅನುಭವವೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದಾವಣಗೆರೆಯಲ್ಲಿ ಓದಿದ್ದೀರಿ ಎಂದರೆ ಸಿ.ಜಿ. ಆಸ್ಪತ್ರೆಯಲ್ಲೋ ಬಾಪೂಜಿಯಲ್ಲೋ ಅಂಥ ಇನ್ನೊಂದು ದೊಡ್ಡ ಆಸ್ಪತ್ರೆಯಲ್ಲೋ ವಾರ್ಡ್ ತರಬೇತಿಯ ಪೋಸ್ಟಿಂಗ್ ಮಾಡಿರುತ್ತೀರಿ, ಕೊನೆಯ ಆರು ತಿಂಗಳು ಇಂಟರ್ನ್‌ಷಿಪ್ ಕೂಡ ಆಗಿರುತ್ತದೆ. ನಾನು ಹಲವು ವರ್ಷಗಳಿಂದ ಸಂದರ್ಶನಗಳಲ್ಲಿ ಕುಳಿತಿದ್ದೇನೆ. ಹೊಸಬರ ಅರ್ಜಿಗಳಲ್ಲಿ ಹೆಚ್ಚಿನವು ಒಂದೇ ಅಂಗಡಿಯಲ್ಲಿ ಟೈಪ್ ಮಾಡಿಸಿದಂತೆ ಇರುತ್ತವೆ: ಪ್ರಾಮಾಣಿಕಳು, ಶ್ರಮಜೀವಿ, ಹವ್ಯಾಸ ಹಾಡು ಕೇಳುವುದು. ಅದನ್ನು ಓದಿ ನಾವು ಏನನ್ನು ತಿಳಿಯಬೇಕು? ಅದರ ಬದಲು ಯಾವ ವಾರ್ಡಿನಲ್ಲಿ ಎಷ್ಟು ವಾರ ಇದ್ದಿರಿ, ಅಲ್ಲಿ ಎಷ್ಟು ಹಾಸಿಗೆಗಳಿದ್ದವು, ನಿಮ್ಮ ಕೈಯಿಂದಲೇ ಮಾಡಿದ್ದೇನು, ಪಕ್ಕದಲ್ಲಿ ನಿಂತು ನೋಡಿದ್ದೇನು ಎಂದು ಬೇರೆ ಬೇರೆಯಾಗಿ ಬರೆಯಿರಿ. ಐ.ವಿ. ಕ್ಯಾನುಲಾ ಹಾಕಿದ್ದು, ಕ್ಯಾಥೆಟರ್ ಹಾಕಿದ್ದು, ಮೂಗಿನ ನಳಿಕೆಯಿಂದ ಆಹಾರ ಕೊಟ್ಟಿದ್ದು, ಡ್ರೆಸ್ಸಿಂಗ್, ಹೆರಿಗೆ ಎಲ್ಲವೂ ನಿಮ್ಮ ಕೇಸ್ ಬುಕ್‌ನಲ್ಲಿ ಸಹಿಯೊಂದಿಗೆ ಇರುತ್ತವೆ. ಆ ಪುಸ್ತಕವನ್ನು ಸಂದರ್ಶನಕ್ಕೆ ತನ್ನಿ. ನೋಡಿದ್ದನ್ನು ಮಾಡಿದ್ದೇನೆ ಎಂದು ಮಾತ್ರ ಬರೆಯಬೇಡಿ, ಎರಡನೆಯ ಪ್ರಶ್ನೆಗೇ ಅದು ತಿಳಿದುಬಿಡುತ್ತದೆ.

ಅರ್ಜಿಯನ್ನು ರಿಸೆಪ್ಷನ್‌ನಲ್ಲಿ ಕೊಟ್ಟು ಬರುವುದನ್ನು ನಿಲ್ಲಿಸಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ನೇರವಾಗಿ ಭೇಟಿ ಮಾಡಿ, ಅದೂ ಬೆಳಗಿನ ಹ್ಯಾಂಡ್‌ಓವರ್ ಮತ್ತು ರೌಂಡ್ಸ್ ಮುಗಿದ ಮೇಲೆ. ಕೆಲಸ ಬಿಟ್ಟವರು ಯಾರು, ಹೆರಿಗೆ ರಜೆಗೆ ಹೋಗುವವರು ಯಾರು ಎಂಬುದು ಮೊದಲು ತಿಳಿಯುವುದು ಅವರಿಗೆ. ನಿಮಗೆ ಪಾಠ ಮಾಡಿದ ಟ್ಯೂಟರ್ ಅಥವಾ ಪೋಸ್ಟಿಂಗ್‌ನಲ್ಲಿ ನಿಮ್ಮ ಕೆಲಸ ನೋಡಿದ ಸಿಸ್ಟರ್ ಒಬ್ಬರು ಒಂದು ಮಾತು ಹೇಳಿದರೆ ಅದಕ್ಕೆ ತೂಕವಿದೆ. ಇದನ್ನು ವಶೀಲಿ ಎಂದುಕೊಂಡು ಹಿಂಜರಿಯಬೇಡಿ. ನಿಮ್ಮ ಕೈಗುಣ ಕಂಡವರು ಅದನ್ನು ಹೇಳುವುದರಲ್ಲಿ ತಪ್ಪಿಲ್ಲ.

ಸಂದರ್ಶನದಲ್ಲಿ ನಾವು ದೊಡ್ಡ ಸಿದ್ಧಾಂತಗಳನ್ನು ಕೇಳುವುದಿಲ್ಲ. ಐನೂರು ಎಂ.ಎಲ್. ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಒಂದು ಎಂ.ಎಲ್.ಗೆ 20 ಹನಿ, ನಿಮಿಷಕ್ಕೆ ಎಷ್ಟು ಹನಿ ಬಿಡುತ್ತೀರಿ ಎಂದು ಕೇಳುತ್ತೇನೆ. 500ನ್ನು 20ರಿಂದ ಗುಣಿಸಿ 240 ನಿಮಿಷಕ್ಕೆ ಭಾಗಿಸಿದರೆ ಸುಮಾರು 42 ಎಂದು ಬರುತ್ತದೆ. ಬಳಸಿದ ಐ.ವಿ. ಸೆಟ್ ಯಾವ ಬಣ್ಣದ ಚೀಲಕ್ಕೆ, ಸೂಜಿ ಎಲ್ಲಿಗೆ ಎಂದು ಕೇಳುತ್ತೇವೆ. ಸೆಟ್ ಕೆಂಪು ಚೀಲಕ್ಕೆ, ಸೂಜಿ ಚುಚ್ಚಿಕೊಳ್ಳದ ಬಿಳಿ ಡಬ್ಬಕ್ಕೆ. ಹೆಪಾರಿನ್‌ಗೆ ಪ್ರತಿಮದ್ದು ಏನು, ಮೆಗ್ನೀಸಿಯಂ ಸಲ್ಫೇಟ್ ಕೊಡುವ ಮುನ್ನ ಏನೇನು ನೋಡುತ್ತೀರಿ ಎಂಬುದೂ ಬರಬಹುದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ಹಿರಿಯರನ್ನು ಕೇಳಿ ಮಾಡುತ್ತೇನೆ ಎನ್ನಿ. ಹಾಗೆ ಹೇಳಿದವರನ್ನು ನಾನು ಆಯ್ಕೆ ಮಾಡಿಕೊಂಡಿದ್ದೇನೆ. ಊಹಿಸಿ ಉತ್ತರ ಹೇಳುವವರೆಂದರೆ ನಮಗೆ ಭಯ, ಏಕೆಂದರೆ ನಾಳೆ ಅವರು ಔಷಧವನ್ನೂ ಊಹೆಯ ಮೇಲೆ ಕೊಟ್ಟಾರು.

ಉತ್ತರ 2: ಐ.ಸಿ.ಯು. ಬ್ರದರ್, ಚಿತ್ರದುರ್ಗ

ಮೇಡಂ ಹೇಳಿದ್ದೆಲ್ಲ ಸರಿ. ಆ ಹತ್ತು ಹಾಸಿಗೆಯ ನರ್ಸಿಂಗ್ ಹೋಂ ಬಗ್ಗೆ ನಾನು ಹೇಳಬೇಕು, ಏಕೆಂದರೆ ನಾನು ಅಂಥದ್ದೇ ಒಂದರಲ್ಲಿ ಹದಿನಾಲ್ಕು ತಿಂಗಳು ಕೆಲಸ ಮಾಡಿದವನು. ನೇಮಕಾತಿ ಪತ್ರ ಕೇಳಲಿಲ್ಲ. ಸಂಬಳ ಕೈಗೆ ನಗದಾಗಿ ಬರುತ್ತಿತ್ತು, ಹಾಜರಾತಿ ಒಂದು ನೋಟ್‌ಬುಕ್‌ನಲ್ಲಿತ್ತು. ಬಿಡುವಾಗ ಅನುಭವ ಪತ್ರ ಕೇಳಿದರೆ ಅವರು ಕೊಡಲಿಲ್ಲ. ಅಷ್ಟು ರಾತ್ರಿಗಳ ನಿದ್ದೆಗೆಟ್ಟ ದುಡಿಮೆಗೆ ನನ್ನ ಬಳಿ ಒಂದು ಚೀಟಿಯೂ ಉಳಿಯಲಿಲ್ಲ. ಮುಂದಿನ ಆಸ್ಪತ್ರೆಯಲ್ಲಿ ನಾನು ಮತ್ತೆ ಹೊಸಬನಾಗಿಯೇ ಸೇರಬೇಕಾಯಿತು.

ಆದ್ದರಿಂದ ಅಸಲು ಅಂಕಪಟ್ಟಿ, ನೋಂದಣಿ ಪತ್ರಗಳನ್ನು ಯಾರ ಕೈಗೂ ಕೊಡಬೇಡಿ. ಪರಿಶೀಲನೆಗೆ ತೋರಿಸಿ, ನಕಲು ಕೊಟ್ಟು, ಅಸಲನ್ನು ಅದೇ ದಿನ ಮನೆಗೆ ತನ್ನಿ. ಸೇರುವ ದಿನವೇ ಹುದ್ದೆ, ದಿನಾಂಕ, ಸಂಬಳ ನಮೂದಾಗಿರುವ ನೇಮಕಾತಿ ಪತ್ರ ಕೇಳಿ, ಸಂಬಳ ಬ್ಯಾಂಕ್ ಖಾತೆಗೆ ಬರಲಿ. ಸುಪ್ರೀಂ ಕೋರ್ಟ್ ನಿರ್ದೇಶನದ ಮೇಲೆ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗಳ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತ್ತು. ನಮ್ಮ ಕಡೆ ಮೊದಲ ಕೆಲಸಕ್ಕೆ ಅಷ್ಟು ಕೇಳಿದರೆ ಬಾಗಿಲು ತೋರಿಸುವವರೇ ಹೆಚ್ಚು ಎಂಬುದು ನನಗೂ ಗೊತ್ತು. ಕಡಿಮೆ ಸಂಬಳಕ್ಕೆ ಒಪ್ಪುವುದು ನಿಮ್ಮ ಅನಿವಾರ್ಯ ಇರಬಹುದು, ಸಂಬಳವೇ ಇಲ್ಲದ ಕೆಲಸಕ್ಕೆ ಮಾತ್ರ ಒಪ್ಪಬೇಡಿ.

ಹಾಸಿಗೆಗಳ ಸಂಖ್ಯೆ ಏಕೆ ಮುಖ್ಯ ಎಂದು ನನಗೆ ಆಗ ಯಾರೂ ಹೇಳಲಿಲ್ಲ. ನರ್ಸಿಂಗ್ ಆಫೀಸರ್ ಹುದ್ದೆಗಳಿಗಾಗಿ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ. ನರ್ಸಿಂಗ್ ಆದವರು ಅನುಭವವಿಲ್ಲದೆ ಕೂರಬಹುದು. ನಮ್ಮಂಥ ಜಿ.ಎನ್.ಎಂ.ನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು, ಅದೂ ಕೋರ್ಸ್ ಮುಗಿದ ನಂತರದ್ದು. ಹತ್ತು ಹಾಸಿಗೆಯ ಕಡೆ ಐದು ವರ್ಷ ದುಡಿದರೂ ಆ ಅರ್ಜಿಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ದೊಡ್ಡ ಆಸ್ಪತ್ರೆಯಲ್ಲಿ ಎರಡು ಸಾವಿರ ಕಡಿಮೆ ಕೊಟ್ಟರೂ ಅಲ್ಲಿಗೇ ಹೋಗಿ ಎನ್ನುತ್ತೇನೆ. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡುವ ಬಾಗಿಲೂ ತೆರೆದೇ ಇರುತ್ತದೆ, ಆದರೆ ಸಾಲ ಇರುವಾಗ ಈಗಲೇ ಅದರ ಯೋಚನೆ ಬೇಡ.

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಚೇರಿಯ ಸೂಚನಾ ಫಲಕವನ್ನೂ ಜಿಲ್ಲೆಯ ಜಾಲತಾಣವನ್ನೂ ವಾರಕ್ಕೊಮ್ಮೆ ನೋಡುತ್ತಿರಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳಿಗೆ ಅಲ್ಲಿ ಪ್ರಕಟಣೆ ಬರುತ್ತದೆ. ಅರ್ಜಿಗೆ ಕೊಡುವ ದಿನಗಳು ಬಹಳ ಕಡಿಮೆ ಇರುವುದರಿಂದ ಜಾತಿ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿ ಇಟ್ಟುಕೊಳ್ಳಿ.

ಉತ್ತರ 3: ಹಿರಿಯೂರಿನವಳು, ಈಗ ಬೆಂಗಳೂರು

ಇನ್ನೊಂದು ತಿಂಗಳು ಅಲ್ಲಿಯೇ ಪ್ರಯತ್ನಿಸಿ, ಆಗದಿದ್ದರೆ ಬೆಂಗಳೂರಿಗೆ ಬನ್ನಿ. ಇಲ್ಲಿನ ದೊಡ್ಡ ಆಸ್ಪತ್ರೆಗಳು ಹೊಸಬರನ್ನು ತಂಡವಾಗಿ ತೆಗೆದುಕೊಂಡು ಕೆಲವು ವಾರ ತರಬೇತಿ ಕೊಡುತ್ತವೆ. ಬರುವ ಮುನ್ನ ಹಾಸ್ಟೆಲ್ ಇದೆಯೇ, ಅದರ ಹಣವನ್ನು ಸಂಬಳದಿಂದ ಕಡಿತ ಮಾಡುತ್ತಾರೆಯೇ ಎಂದು ಕೇಳಿಕೊಳ್ಳಿ. ನನ್ನ ಮೊದಲ ಸಂಬಳದಲ್ಲಿ ಬಾಡಿಗೆ ಮತ್ತು ಊಟ ಕಳೆದ ಮೇಲೆ ಮನೆಗೆ ಕಳಿಸಲು ಏನೂ ಉಳಿಯಲಿಲ್ಲ. ಕೆಲಸ ಕೊಡಿಸುತ್ತೇವೆಂದು ಮುಂಗಡ ಕೇಳುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಉಸಿರು, ಎದೆಬಡಿತ ನಿಂತವರಿಗೆ ತಕ್ಷಣ ಮಾಡಬೇಕಾದ್ದನ್ನು ಕಲಿಸುವ ಬಿ.ಎಲ್.ಎಸ್. ತರಬೇತಿ ಒಂದೇ ದಿನದ್ದು, ಪ್ರಮಾಣಪತ್ರ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಕೈಯಲ್ಲಿ ಹಣವಿದ್ದರೆ ಅದೊಂದನ್ನು ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನರ್ಸಿಂಗ್ ಹೋಂನವರಿಗೆ ಬರುವುದಿಲ್ಲವೆಂದು ತಿಳಿಸಿದೆ. ಆ ಪರಿಚಯದವರಿಗೂ ಬೇಡ ಎಂದು ಹೇಳಿಬಿಟ್ಟೆ. ನಿನ್ನೆ ಕೇಸ್ ಬುಕ್ ತೆರೆದು ಕುಳಿತೆ. ನಾನು ಮಾಡಿಸಿದ 20 ಹೆರಿಗೆಗಳು, ಮಕ್ಕಳ ವಾರ್ಡಿನ ವಾರಗಳು ಎಲ್ಲವೂ ಅದರಲ್ಲಿವೆ. ಎರಡು ತಿಂಗಳಿಂದ ಅದನ್ನು ಟ್ರಂಕಿನಲ್ಲಿಟ್ಟು ನನಗೆ ಅನುಭವವಿಲ್ಲ ಎಂದು ಹೇಳಿಕೊಂಡು ತಿರುಗಿದ್ದೇನೆ. ನನ್ನ ಮಿಡ್‌ವೈಫರಿ ಟ್ಯೂಟರ್ ಅವರಿಗೆ ಫೋನ್ ಮಾಡಿದಾಗ, ಒಂದು ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಜಾಗ ಖಾಲಿಯಿದೆ, ಸೋಮವಾರ ಹೋಗಿ ಸೂಪರಿಂಟೆಂಡೆಂಟ್ ಅವರನ್ನು ಕಾಣು ಎಂದರು. ಮೇಡಂ, ಹೆರಿಗೆ ವಿಭಾಗಕ್ಕೆ ಏನನ್ನು ಹೆಚ್ಚಾಗಿ ಓದಿಕೊಳ್ಳಲಿ?

ಉತ್ತರ: ವಾರ್ಡ್ ಇನ್‌ಚಾರ್ಜ್, ದಾವಣಗೆರೆ

ಪಾರ್ಟೋಗ್ರಾಫ್, ಅಂದರೆ ಹೆರಿಗೆ ಮುಂದುವರಿಯುವುದನ್ನು ದಾಖಲಿಸುವ ನಕ್ಷೆ, ತುಂಬುವುದನ್ನು ಕಾಗದದ ಮೇಲೆ ಎರಡು ಸಲ ಬರೆದು ನೋಡಿ. ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಮೊದಲು ಏನು, ಆಮೇಲೆ ಏನು ಎಂಬುದನ್ನು ಬಾಯಲ್ಲಿ ಹೇಳಿ ಅಭ್ಯಾಸ ಮಾಡಿ: ಸಹಾಯಕ್ಕೆ ಕೂಗುವುದು, ಗರ್ಭಕೋಶವನ್ನು ಉಜ್ಜುವುದು, ಅದನ್ನು ಕುಗ್ಗಿಸುವ ಆಕ್ಸಿಟೋಸಿನ್ ಕೊಡುವುದು, ಮೂತ್ರಕೋಶ ಖಾಲಿ ಮಾಡುವುದು. ಮಗು ಅಳದಿದ್ದರೆ ಮೊದಲ ಒಂದು ನಿಮಿಷದಲ್ಲಿ ಏನು ಮಾಡುತ್ತೀರಿ ಎಂದು ಖಂಡಿತ ಕೇಳುತ್ತಾರೆ. ಮ್ಯಾಗ್‌ಸಲ್ಫ್ (ಮೆಗ್ನೀಸಿಯಂ ಸಲ್ಫೇಟ್) ಕೊಡುವ ಮೊದಲು ಮೊಣಕಾಲಿನ ಪ್ರತಿವರ್ತನೆ, ಉಸಿರಾಟ, ಮೂತ್ರದ ಪ್ರಮಾಣ ನೋಡಬೇಕು, ಅದರ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ ಕೈಗೆಟಕುವಂತೆ ಇರಬೇಕು. ಸೋಮವಾರ ಓ.ಪಿ.ಡಿ.ಯಲ್ಲಿ ಜನ ಹೆಚ್ಚು, ಹನ್ನೊಂದರ ನಂತರ ಹೋಗಿ. ಉಗುರು ಕತ್ತರಿಸಿ, ಬಳೆ ತೆಗೆದಿಟ್ಟು ಹೋಗಿ, ಹೆರಿಗೆ ಕೋಣೆಯವರು ಮೊದಲು ನೋಡುವುದು ಕೈಗಳನ್ನೇ.