ಸಹಾಯ ಬೇಕು: ಹೊಸ ಸ್ನೋ ಬ್ಲೋವರ್‌ನಲ್ಲಿ ಶಿಯರ್ ಪಿನ್ನೇ ಇಲ್ಲ!

ನಮಸ್ಕಾರ. ನಾವಿರುವುದು ಮಿನಿಯಾಪೊಲಿಸ್‌ನಲ್ಲಿ. ಮೊನ್ನೆ 24 ಇಂಚಿನ ಟೂ-ಸ್ಟೇಜ್ ಸ್ನೋ ಬ್ಲೋವರ್ (ಹಿಮ ಎತ್ತಿ ದೂರ ಎಸೆಯುವ ಯಂತ್ರ) ತಂದೆವು. ಬಿಚ್ಚಿದರೆ ನಟ್ಟು-ಬೋಲ್ಟಿನ ಪೊಟ್ಟಣ ಹರಿದಿತ್ತು. ಎಡಗಡೆ ಆಗರ್ (ಹಿಮ ಒಳಗೆಳೆಯುವ ಸುರುಳಿ) ಕೈಯಲ್ಲಿ ತಿರುಗಿಸಿದರೆ ಶಾಫ್ಟ್ ಅಲ್ಲಾಡದೆ ಅದೊಂದೇ ಗಿರ್ರನೆ ಸುತ್ತುತ್ತೆ, ಅದನ್ನು ಶಾಫ್ಟಿಗೆ ಹಿಡಿದಿಡುವ ಶಿಯರ್ ಪಿನ್ ಕೂರುವ ತೂತು ಖಾಲಿ! ಥರ್ಮೋಕೋಲ್ ಪುಡಿಯನ್ನೆಲ್ಲ ಜಾಲಾಡಿದೆ, ಸಿಗಲಿಲ್ಲ. ಅಂಗಡಿಯವರು ಕಂಪನಿಗೆ ಕೇಳಿ ಅಂದರು, ಕಂಪನಿಯವರು ಮೂರು ವಾರ ಅಂದರು. ಹಿಮ ಕಾಯುತ್ತಾ?

ಪಕ್ಕದ ಮನೆಯವರು ‘ಯಾವುದಾದ್ರೂ ಬೋಲ್ಟ್ ಹಾಕಿ’ ಅಂತಾರೆ. ಆದರೆ ಕಲ್ಲೋ ಐಸ್ ಗಡ್ಡೆಯೋ ಸಿಕ್ಕಿದಾಗ ಪಿನ್ ಮುರಿದರೆ ತಾನೇ ಗೇರ್‌ಬಾಕ್ಸ್ ಉಳಿಯೋದು? ಗಟ್ಟಿ ಬೋಲ್ಟ್ ಮುರಿಯಲ್ಲ, ಅದೇ ಭಯ.

ಬೇರೆ ಕಂಪನಿಯ ಶಿಯರ್ ಪಿನ್ ದಪ್ಪ, ಉದ್ದ ಸರಿಹೊಂದಿದರೆ ಹಾಕಬಹುದಾ? ಅಥವಾ ಪಾರ್ಟ್ ನಂಬರ್ರೇ ಹೊಂದಬೇಕಾ? ಹೀಗೆ ಹಾಕಿ ಓಡಿಸಿದವರು ಯಾರಾದರೂ ಇದ್ದರೆ ಹೇಳಿ.